ಎಂಬತ್ತೊಂಬತ್ತು

ಕೋಷ್ಟಕ ಹೇಳುತ್ತದೆ: ಎರಿಮಣ್ಣು, ಗುಂಪು ಡಿ,
ಕರ್ವ್ ನಂಬರ್ ಎಂಬತ್ತೊಂಬತ್ತು.
ಟೈಪಿಸಿ ಎಂಟರ್ ಒತ್ತಿದೆ.
ಮೇ ತಿಂಗಳ ಅಡ್ಡಮಳೆಗೆ ಪರದೆಯ ಮೇಲೆ
ಬೆಣ್ಣಿಹಳ್ಳ ಉಕ್ಕಿತು, ಸೇತುವೆ ಮುಳುಗಿತು.
ಇಂಗಳಹಳ್ಳಿಯ ಅಳತೆಗೋಲು ಮಾತ್ರ
ಒಣಗಿಯೇ ಇತ್ತು.

ಗೋಲು ಓದುವ ದಾವಲಬಿ ನಕ್ಕಳು:
"ಹೊಲದಾಗ ಕಾಲಿಟ್ಟೀರೇನ್ರಿ?
ನನ್ನ ಕುರ್ಪಿ ಹಿಡಿಕಿ ಸಮೇತ ಬಿರುಕಿನಾಗ ಹೋತು,
ಠಣ್ ಅಂದಿಲ್ಲ ಇನ್ನೂ.
ಮೊದಲ ಮಳಿ ಅದಕ್ಕ.
ಅದು ಬಾಯಿ ಮುಚ್ಚಿದ ಮ್ಯಾಲ ಬರ್ರಿ,
ಒಂದು ಹನಿ ಒಳಗ ಬಿಟ್ಕೊಳ್ಳೂದಿಲ್ಲ."

ಎಂಬತ್ತೊಂಬತ್ತನ್ನು ಅಳಿಸಿದೆ.
ಮೇಗೆ ಒಂದು ಅಂಕಿ, ಸೆಪ್ಟೆಂಬರಿಗೆ ಇನ್ನೊಂದು.
ನಡುವೆ ಜುಲೈ:
ಕರ್ಸರ್ ಮಿಣುಕುತ್ತ ಕೂತಿದೆ.
ಧಾರವಾಡದಲ್ಲಿ ಜಿಟಿಜಿಟಿ, ಕೋಷ್ಟಕದಲ್ಲಿ ಜುಲೈಯೇ ಇಲ್ಲ.

ಫೋನ್ ಹಚ್ಚಿದೆ: ಬಿರುಕು ಮುಚ್ಚಿತೇನು, ದಾವಲಬಿ?
"ಮುಚ್ಚೇತ್ರಿ.
ಕುರ್ಪಿ ಕೊಡಲಿಲ್ಲ."