ಮೂರನೆಯ ಪ್ರಕಟಣೆ

ಮೂರು ಭಾನುವಾರ ಓದಬೇಕು, ಅದು ನೇಮ:
ಇವನಿಗೂ ಇವಳಿಗೂ ಮದುವೆ ಗೊತ್ತಾಗಿದೆ,
ಅಡ್ಡಿ ಇದ್ದವರು ಹೇಳಿ.
ಓದುವವರು ಸಭಾಪಾಲಕರು.
ನಾನು ಗಂಟೆ ಹೊಡೆಯುವವನು, ಚಾಪೆ ಸುತ್ತುವವನು,
ಬೀರುವಿನ ಕೀಲಿ ನನ್ನ ಉಡಿದಾರದಲ್ಲಿದೆ.

ಮೊದಲ ವಾರ ಹೆಸರೇ ತೊಡರಿತು.
ಸುಗಂತಿ, ಮಾರಿಕುಪ್ಪಂ ಲೈನಿನ ಜ್ಞಾನಮುತ್ತುವಿನ ಮೊಮ್ಮಗಳು,
ಇದು ಸರಾಗ.
ಕ್ವಾಬೆನಾ...
ಅಯ್ಯನವರು ಕನ್ನಡಕ ಒರೆಸಿಕೊಂಡರು.
ಘಾನಾ ದೇಶ, ಒಬುವಾಸಿ ಊರು.
ಹಿಂದಿನ ಬೆಂಚಿನಲ್ಲಿ ಬೀಸಣಿಗೆಯೊಂದು ನಿಂತಿತು.

ಇಬ್ಬರಿಗೂ ಕೋಲಾರದ ಆಸ್ಪತ್ರೆಯಲ್ಲಿ ಒಂದೇ ಪಾಳಿ.
ಅವಳು ನರ್ಸು. ಅವನು ಓದಲು ಬಂದು
ಎಕ್ಸ್-ರೇ ಕೋಣೆಯಲ್ಲಿ ಉಳಿದವನು.
ಎದೆಯೊಳಗೆ ಎಲ್ಲರದ್ದೂ ಬೂದು ಬಣ್ಣವೆಂದು
ದಿನಾ ನೋಡಿ ಗೊತ್ತಿರುವವನು.

ಆ ವಾರವೆಲ್ಲ ಊರ ಬಾಯಲ್ಲಿ ವಾಕ್ಯವೇ ವಾಕ್ಯ.
ಅಸಮ ನೊಗ ಹೂಡಬಾರದು ಅಂದರು.
ಇಬ್ಬರಿಗೂ ದೀಕ್ಷಾಸ್ನಾನ ಆಗಿದೆಯಲ್ಲ ಅಂದೆ.
ಅದಲ್ಲ ಕಣಯ್ಯಾ, ಅಂದರು.
ಅದಲ್ಲದೆ ಯಾವುದು ಅಂತ ಬಾಯಿ ಬಿಡಲಿಲ್ಲ.
ಜನಾಂಗಗಳಿಗೆ ದೇವರೇ ಎಲ್ಲೆ ಹಾಕಿದ್ದಾನೆ ಅಂದರು.
ಆ ಎಲ್ಲೆ ಆಂಡರ್ಸನ್‌ಪೇಟೆಯ ಯಾವ ಬೀದಿಯಲ್ಲಿ ಹಾಯುತ್ತದೋ,
ಐವತ್ತು ವರ್ಷ ಗುಡಿಸಿದ್ದೇನೆ, ಪೊರಕೆಗೆ ಸಿಕ್ಕಿಲ್ಲ.

ಮಂಗಳವಾರ ಕಮಿಟಿ. ಟೀ ಹಂಚುತ್ತಾ ಕೇಳಿಸಿಕೊಂಡೆ.
ಡೆನ್ಜಿಲ್ ದೊರೆಗೆ ಬೆಕ್ಕಿನ ಕಣ್ಣು,
ಮುತ್ತಾತ ಕಾರ್ನ್‌ವಾಲಿನಿಂದ ಗಣಿಗೆ ಬಂದವನು,
ಹಬ್ಬಕ್ಕೆ ಕೂಡಿದರೆ ಅದೇ ಮಾತು.
ಅವರೇ ಕೇಳಿದರು:
"ನಾಳೆ ಹುಟ್ಟುವ ಮಕ್ಕಳು ಯಾವ ಕಡೆಯವು?
ಅವಕ್ಕೆ ಹೆಣ್ಣು ಕೊಡೋರು ಯಾರು?"

ರಾತ್ರಿ ಬೀರು ತೆಗೆದೆ.
ಗೆದ್ದಲು ಅಂಚು ತಿಂದ ರಿಜಿಸ್ಟರು.
ಸಾವಿರದ ಒಂಬೈನೂರ ಹನ್ನೊಂದು,
ಆ ಮನೆತನದ ಮೊದಲ ಕೂಸಿನ ದೀಕ್ಷಾಸ್ನಾನ.
ತಂದೆ: ಪೂರ್ತಿ ಹೆಸರು, ಹುದ್ದೆ, ಶಾಫ್ಟಿನ ನಂಬರು.
ತಾಯಿ: ಮೇರಿ.
ಪಕ್ಕದಲ್ಲಿ ಬೇರೆ ಶಾಯಿಯಲ್ಲಿ, ಕೂಲಿಯವಳು.
ಬಿಳಿ ಬೆರೆತರೆ ಮನೆತನ, ಕರಿ ಬೆರೆತರೆ ಕೇಡು,
ಲೆಕ್ಕ ಬರೆದವರ ಕೈ ಯಾವುದೋ.
ಯಾರಿಗೂ ತೋರಿಸಲಿಲ್ಲ.
ಆ ಒಂದು ಹೆಸರನ್ನು ಹೆಬ್ಬೆರಳಿಂದ ಒರೆಸಿ ಮುಚ್ಚಿದೆ.

ಎರಡನೆಯ ಭಾನುವಾರ ಪ್ರಸಂಗಕ್ಕೆ ಅಯ್ಯನವರು
ಕೂಷ್ ದೇಶದ ಸೊಸೆಯ ಕತೆ ಎತ್ತಿದರು.
ಜನರನ್ನು ಮರುಭೂಮಿಯಲ್ಲಿ ನಡೆಸಿದವನ ಹೆಂಡತಿ ಕಪ್ಪಗಿದ್ದಳು.
ಆಡಿಕೊಂಡವಳು ಗಂಡನ ಅಕ್ಕ.
ದೇವರು ಮುನಿದದ್ದು ಕಪ್ಪಗಿದ್ದವಳ ಮೇಲಲ್ಲ,
ಅಕ್ಕನ ಮೇಲೆ.
ಅವಳ ಮೈಯೆಲ್ಲ ಬೆಳ್ಳಗಾಯಿತು.
ಬೆಳ್ಳಗೆ!
ಆಷಾಢದ ಗಾಳಿ ಆಗಲೇ ಬೀಸಬೇಕೆ,
ಸೈನೈಡ್ ದಿಬ್ಬದ ಹುಡಿ ಕಿಟಕಿಯಲ್ಲಿ ನುಗ್ಗಿ
ರೆಪ್ಪೆಗೆ, ಮೀಸೆಗೆ, ಕೀರ್ತನೆಯ ಪುಟಕ್ಕೆ ಮೆತ್ತಿತು.
ಸೆರಗಿನಿಂದ, ಕರವಸ್ತ್ರದಿಂದ, ಅಂಗಿಯ ತೋಳಿನಿಂದ
ಇಡೀ ಸಭೆ
ಮುಖ ಉಜ್ಜಿಕೊಂಡದ್ದೇ ಉಜ್ಜಿಕೊಂಡದ್ದು.

ಜ್ಞಾನಮುತ್ತು ಮಾತ್ರ ತುಟಿ ಬಿಚ್ಚಿರಲಿಲ್ಲ.
ಹುಡುಗ ಒಂದು ಸಂಜೆ ಲೈನಿನ ಮನೆಗೆ ಬಂದ,
ಬಗ್ಗಿದರೂ ತಗಡಿನ ಸೂರು ಹಣೆಗೆ ತಾಗಿತು.
"ನಿಮ್ಮಪ್ಪನಿಗೆ ಏನು ಕೆಲಸ?"
ಸುಗಂತಿ ನಡುವೆ ನಿಂತು ಮಾತು ದಾಟಿಸಿದಳು.
ಚಿನ್ನದ ಗಣಿ. ಕೆಳಗೆ.
"ಎಷ್ಟು ಕೆಳಗೆ?"
ಹುಡುಗ ಹೇಳಿದ.
"ಅಷ್ಟೇನಾ! ನಮ್ಮದು ಅದರ ಎರಡರಷ್ಟು"
ಅಂತ ನಗಲು ಹೋದ ಮುದುಕನಿಗೆ ಕೆಮ್ಮು ಹತ್ತಿತು,
ಗಾಡಿ ಹತ್ತಿಸುವಂಥ ಕೆಮ್ಮು.
ನೀರು ತರಲು ಎಲ್ಲರೂ ಓಡಿದೆವು.
ಹುಡುಗ ಓಡಲಿಲ್ಲ.
ಬೆನ್ನ ಮೇಲೆ ಅಂಗೈ ಚಪ್ಪಟೆ ಇಟ್ಟು ಕಾದ,
ಅದು ಎಲ್ಲಿ ಮುಗಿಯುತ್ತದೆಂದು ಚಿಕ್ಕಂದಿನಿಂದ ಬಲ್ಲವನ ಹಾಗೆ.

ಮೂರನೆಯ ಭಾನುವಾರ.
ನಿಲ್ಲಲು ಜಾಗವಿಲ್ಲ, ಕಿಟಕಿಗಳಲ್ಲೂ ತಲೆಗಳು.
"ಅಡ್ಡಿ ಇದ್ದವರು ಹೇಳಿ."
ಡೆನ್ಜಿಲ್ ಕೋಟಿನ ಗುಂಡಿ ಹಾಕಿಕೊಂಡು
ಅರ್ಧ ಎದ್ದಂತೆ ಕಂಡಿತು.
ಅಷ್ಟರಲ್ಲಿ ಮುಂದಿನ ಸಾಲಿನಿಂದ ಕೆಮ್ಮು.
ಬಹಳ ಹೊತ್ತಿನ ಕೆಮ್ಮು.
ಅಯ್ಯನವರು ಹಾಳೆ ಕೆಳಗಿಳಿಸಿದರು.
"ಜ್ಞಾನಮುತ್ತು, ನಿಮ್ಮದೇನಾದರೂ ಅಡ್ಡಿಯೇ?"

ಮುದುಕ ಕೈಯೆತ್ತಿದ, ಉಸಿರು ಹುಡುಕಿದ,
ಸಿಕ್ಕಷ್ಟರಲ್ಲೇ ಹೇಳಿದ:
ಇಲ್ಲ ಅಯ್ಯಾ,
ಧೂಳು.