ಮೂರನೆಯ ಕಂಬ

ಕೂಡ್ಲೂರಿನ ಕಾಫಿ ಕ್ಯೂರಿಂಗ್ ವರ್ಕ್ಸಿನ ಹಿಂಬದಿ,
ರೊಬಸ್ಟಾ ಬೀಜಕ್ಕೆ ಹಬೆ ಹಾಯಿಸುವ ಉಕ್ಕಿನ ಪಾತ್ರೆ.
ಅದರ ಪಕ್ಕೆಗೆ ಕೊಳವೆ ಬಂದು ಸೇರುವ ಕುತ್ತಿಗೆಯಲ್ಲಿ
ಬಿರುಕು. ಕೂದಲಷ್ಟು.
ಮೂರನೇ ಸಲ.

ಬೀರಾನಿಕ್ಕ ಕೆಂಪು ಬಣ್ಣ ಸವರಿ, ಒರೆಸಿ,
ಮೇಲೆ ಬಿಳಿ ಪುಡಿ ಚಿಮುಕಿಸಿ
ಬೀಡಿಗೆಂದು ಗೇಟಿನಾಚೆ ಹೋದರು.
ಬರುವಷ್ಟರಲ್ಲಿ ಬಿಳಿಯೊಳಗಿಂದ ಕೆಂಪು ಗೆರೆ
ತಾನಾಗಿ ಎದ್ದು ಬಂದಿತ್ತು,
ಸುಳ್ಳು ಹೇಳಲು ಬಾರದವರ ಮುಖದಲ್ಲಿ ಏಳುವ ಹಾಗೆ.

"ನನ್ನ ಬೆಸುಗೆ ಅಲ್ಲ ಮೋಳೇ"
ನಾನು ಕೇಳುವ ಮೊದಲೇ ಅಂದರು.
ಮೂವತ್ತೆರಡು ವರ್ಷ ಪಳಗಿದ ಕೈ.
ಮ್ಯಾನೇಜರ್ ಮೊಣ್ಣಪ್ಪ ಆಗಲೇ ಫೋನಿನಲ್ಲಿ
ಬೇರೆ ವೆಲ್ಡರನ ನಂಬರು ಹುಡುಕುತ್ತಿದ್ದರು.

ಒತ್ತಡ ತುಂಬುವ ಪಾತ್ರೆಗೆ ತೂತು ಕೊರೆದರೆ
ತೆಗೆದಷ್ಟು ಉಕ್ಕನ್ನು ತೂತಿನ ಸುತ್ತಲೇ ಮರಳಿಸಬೇಕು.
ಅದಕ್ಕೇ ಆ ದಪ್ಪ ಪಟ್ಟಿ, ಕತ್ತಿಗೆ ಜೋಮಾಲೆ ಬಿಗಿದ ಹಾಗೆ.
ಪಟ್ಟಿಯಲ್ಲೊಂದು ಪುಟ್ಟ ರಂಧ್ರ,
ಒಳಗೆ ಸೋರಿದರೆ ಅಲ್ಲಿಂದ ಉಸುರಲಿ ಎಂದು.
ಲೆಕ್ಕ ನನ್ನದೇ. ಎರಡು ಸಲ ತಾಳೆ ನೋಡಿದ್ದೆ.
ಬರೀ ಹಬೆ ನೂಕಿದರೆ
ಇಪ್ಪತ್ತು ವರ್ಷ ಅಲುಗದು.

ಹಾಗಾದರೆ ಹೊರಗಿನಿಂದ ಎಳೆಯುವವರು ಯಾರು?

ಕೊಳವೆಯ ಜೊತೆ ನಡೆದೆ.
ಮೊದಲ ಆಸರೆ ಸರಿ. ಎರಡನೆಯದೂ.
ಮೂರನೆಯ ಕಂಬ ತೊಟ್ಟಿಯಾಚೆ,
ಆಗಸ್ಟಿನಲ್ಲಿ ಹಾರಂಗಿ ಕಾಂಪೌಂಡು ದಾಟಿ ಬಂದು
ನಾಲ್ಕು ದಿನ ನಿಂತಿದ್ದ ಜಾಗ.
ನೆಲ ಇಳಿದಿತ್ತು, ನೆಲದ ಜೊತೆ ಕಂಬ.
ಕೊಳವೆಗೂ ಕಂಬಕ್ಕೂ ನಡುವೆ
ನನ್ನ ಪೆನ್ಸಿಲ್ ಸಲೀಸಾಗಿ ತೂರಿತು.

ಆವತ್ತಿನಿಂದ ಅಷ್ಟುದ್ದ ಕೊಳವೆ
ಬೆಳಿಗ್ಗೆ ಬಿಸಿಯೇರಿ ಹಿಗ್ಗುತ್ತ, ಸಂಜೆ ಕುಗ್ಗುತ್ತ
ಆ ಒಂದು ಕುತ್ತಿಗೆಗೆ ಜೋತುಬಿದ್ದಿದೆ.

ಬೀರಾನಿಕ್ಕ ಬಗ್ಗಿ ಪೆನ್ಸಿಲ್ ನೋಡಿದರು.
ಮೊಣ್ಣಪ್ಪನವರನ್ನು ಕರೆದು ಅವರನ್ನೂ ಬಗ್ಗಿಸಿದರು.
ಮಂಡಿನೋವು ಅಂದರೂ ಬಿಡಲಿಲ್ಲ.

ಕಂಬದ ತಲೆಗೆ ತಗಡು ತುರುಕಿ ಎತ್ತರಿಸಿದ್ದಾಯಿತು.
ಬಿರುಕನ್ನು ಬುಡದವರೆಗೆ ಉಜ್ಜಿ ತೆಗೆದು
ಮತ್ತೆ ಬೆಸೆದರು, ಅದೇ ಕೈ.
ಪರೀಕ್ಷೆಗೆ ಪಾತ್ರೆ ತುಂಬ ತಣ್ಣೀರು,
ಅದೂ ಹಾರಂಗಿಯದೇ.
ಮುಳ್ಳು ಒಂದೂವರೆ ಪಟ್ಟಿಗೆ ಏರಿ ನಿಂತಿತು.
ಅರ್ಧ ಗಂಟೆ ಯಾರೂ ಮಾತಾಡಲಿಲ್ಲ.

ಮಲಗಿದ ಕೂಸಿನ ಮೂಗಿಗೆ ಬೆರಳು ಹಿಡಿದು
ಉಸಿರು ನೋಡುತ್ತಾರಲ್ಲ,
ಹಾಗೆ ಬೀರಾನಿಕ್ಕ ಆ ರಂಧ್ರಕ್ಕೆ ಬೆರಳು ಹಿಡಿದಿದ್ದರು,
ಇಲ್ಲಿ ಮಾತ್ರ ಉಸಿರಿಲ್ಲದಿರಲಿ ಎಂದು.

ಬೆರಳು ತೋರಿಸಿದರು.
ಒಣಗಿತ್ತು.