ಹೆಸರಿನ ಪಕ್ಕದ ಚುಕ್ಕಿ

ಗುತ್ತಲು ರಸ್ತೆಯ ಕಟ್ಟಡ, ಮೂರನೆಯ ಮಹಡಿಗೆ ಸೆಂಟ್ರಿಂಗ್ ಏರಿತ್ತು.
ಕಬ್ಬರೆಯುವ ಕಾಲ. ಸಿಮೆಂಟ್ ಚೀಲ ಬಿಚ್ಚಿದರೂ
ಮೂಗಿಗೆ ಮೊದಲು ಬೆಲ್ಲ.
ಮೂರು ಕಂಪನಿಯ ಹುಡುಗರು ಬಂದು
ಇಟ್ಟಿಗೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ತೋರಿಸಿ ಹೋದರು.

ಒಂದರಲ್ಲಿ ಬಣ್ಣದ ಪಟ್ಟಿಗಳು,
ಪಾಯದಿಂದ ಪೇಂಟಿನವರೆಗೆ ಮೆಟ್ಟಿಲಿಳಿಯುತ್ತವೆ.
ಇನ್ನೊಂದು ಕಂಬಿಯ ತೂಕಕ್ಕೂ ಬಿಲ್ಲಿಗೂ ತಾಳೆ ಹಾಕುತ್ತದೆ.
ಮೂರನೆಯದಕ್ಕೆ ಕನ್ನಡ ಬರುತ್ತದೆ, ಬರುವಷ್ಟು:
ಲೇಬರ್ ಎಂಬಲ್ಲಿ
'ಇಂದಿನ ಹೆರಿಗೆ: ಹದಿನೆಂಟು' ಎಂದಿತು.
ಕಂಟ್ರಾಕ್ಟರ್ ಚಿಕ್ಕಲಿಂಗೇಗೌಡರು ಕೆಮ್ಮು ಬರುವಷ್ಟು ನಕ್ಕರು.

"ಮಳೆ ಬಂದ್ರೆ ಗೊತ್ತಾಯ್ತದಾ ಇದ್ಕೆ?
ಪ್ಲಂಬರ್ ಮಾದೇಶ ಫೋನ್ ಎತ್ತದೆ ಹೋದ್ರೆ?"
"ಮೂವತ್ತು ದಿನ ಫ್ರೀ, ಸರ್."
"ಹಂಗಾದ್ರೆ ಇರ್ಲಿ ಬುಡಿ."
ಆಯ್ಕೆ ಮುಗಿದದ್ದು ಹೀಗೆ.

ಆರು ವರ್ಷದಿಂದ ನಾನಿಲ್ಲಿ ಲೆಕ್ಕ ಬರೆಯುವವಳು.
ಉದ್ದ ರಿಜಿಸ್ಟರು, ಪುಟದ ತುಂಬ ಟೀ ಲೋಟದ ಉಂಗುರ.
ಗಾರೆ ಮೇಸ್ತ್ರಿ ಜವರಯ್ಯ, ಒಂದು.
ಬಾರ್ ಬೆಂಡಿಂಗ್ ಅನ್ಸರ್, ಒಂದು.
ಹೆಣ್ಣಾಳು, ನಾಲ್ಕು.
ಮರುದಿನವೂ ಹೆಣ್ಣಾಳು ನಾಲ್ಕು.
ಒಮ್ಮೊಮ್ಮೆ ಮೂರೂವರೆ.

ಮೊದಲ ಬೆಳಿಗ್ಗೆ ಅದನ್ನೇ ಟೈಪ್ ಮಾಡಿದೆ.
ಖಾಲಿ ಚೌಕ ಕೆಂಪಾಯಿತು,
ಪಕ್ಕದಲ್ಲೊಂದು ಸಣ್ಣ ಚುಕ್ಕಿ:
ಹೆಸರು ಕಡ್ಡಾಯ.
ಸೊನ್ನೆ ಹಾಕಿದೆ. ಅಡ್ಡಗೆರೆ ಎಳೆದೆ.
ಆಳು ೧, ಆಳು ೨ ಎಂದು ಮೋಸ ಮಾಡಲೂ ನೋಡಿದೆ.
ಹೆಸರಿನಲ್ಲಿ ಅಂಕಿ ಇರಬಾರದು,
ಎಂದಿತು ಹೆರಿಗೆಗೂ ಕೂಲಿಗೂ ವ್ಯತ್ಯಾಸ ತಿಳಿಯದ್ದು.

ಏಣಿ ಹತ್ತಿದೆ. ಬಾಂಡ್ಲಿಗಳು ತಲೆಯ ಮೇಲೆಯೇ ನಿಂತವು.
"ನಿಮ್ಮ ಹೆಸರೇನು?"
"ಯಾಕ್ರೀ ಅಕ್ಕಾ, ಕೆಲ್ಸ ಬಿಡಸ್ತೀರೇನು?"

ಹುಲಿಗೆಮ್ಮ. ದುರುಗವ್ವ. ಸಣ್ಣ ಈರಮ್ಮ.
ದೊಡ್ಡ ಈರಮ್ಮ ಊರಿಗೆ ಹೋಗಿ ವರ್ಷವಾಯಿತಂತೆ;
ನನ್ನ ಪುಟಗಳಲ್ಲಿ ಆಮೇಲೂ ನಾಲ್ಕು ನಾಲ್ಕೇ ಆಗಿತ್ತು.
ಆ ಜಾಗಕ್ಕೆ ಬಂದವಳು ಬಾಯಿ ಬಿಡಲಿಲ್ಲ.
ಎಲೆಯಡಿಕೆ ಚೀಲದಿಂದ ಆಧಾರ್ ಕಾರ್ಡು ತೆಗೆದು
ಸೆರಗಿಗೆ ಒರೆಸಿ ಕೊಟ್ಟಳು: ತಾಯಮ್ಮ.

ಶನಿವಾರ ಬಟವಾಡೆ. ಯಂತ್ರ ಗಂಟೆ ಕೂಡಿಸಿತ್ತು.
ಸ್ಲ್ಯಾಬಿನ ಮೇಲೆ ಮಣ್ಣಿನ ಕಟ್ಟೆ ಕಟ್ಟಿ
ಹುಲಿಗೆಮ್ಮ ನೀರು ನಿಲ್ಲಿಸುತ್ತಿದ್ದ ಸಂಜೆಗಳೂ ಸೇರಿ.
ನಾನು ಅರ್ಧ ದಿನ ಎಂದು ಬರೆಯುತ್ತಿದ್ದುದು
ಏಳು ಗಂಟೆಯಾಗಿತ್ತು.
ಗೌಡರು ಪರದೆ ನೋಡಿದರು, ನನ್ನ ನೋಡಿದರು,
"ಇದು ನಮ್ ಕಡೇದಲ್ಲ ಕಣವ್ವ" ಎಂದು ಗೊಣಗಿ
ನೋಟು ಎಣಿಸಿದರು.
ಎರಡು ಸಲ ಎಣಿಸಿದರು, ಆದರೂ ಕೊಟ್ಟರು.

ಮೂವತ್ತೊಂದನೆಯ ದಿನ ಪರದೆಗೆ ಬೀಗ.
ಮುಂದುವರಿಯಲು ಹಣ ಪಾವತಿಸಿ.
ಹೆಸರುಗಳೆಲ್ಲ ಒಳಗೆ, ನಾನು ಹೊರಗೆ.
"ಆ ಹಳೇ ರಿಜಿಸ್ಟರ್ ಎಲ್ಲೋಯ್ತು?" ಎಂದರು ಗೌಡರು,
ಅಷ್ಟೇನೂ ಬೇಸರವಿಲ್ಲದೆ.

ಧೂಳು ಕೊಡವಿದೆ. ಸ್ಕೇಲ್ ಇಟ್ಟು ಹೊಸ ಗೆರೆ ಎಳೆದೆ,
ಹೆಸರಿನ ಕಾಲಂ ಮೊದಲಿಗಿಂತ ಅಗಲ.
ಅದರ ಪಕ್ಕ ಅನ್ಸರನ ಕೆಂಪು ಪೆನ್ನಿನಿಂದ
ಒಂದು ಚುಕ್ಕಿ ಬರೆದೆ. ಸೊಟ್ಟಗಾಯಿತು.

ನೀರಿನ ಪೈಪು ಹಿಡಿದು ಹೋಗುತ್ತಿದ್ದ ಹುಲಿಗೆಮ್ಮ ಬಗ್ಗಿದಳು:
"ಹೂವೇನ್ರೀ ಅದು?"
"ಚುಕ್ಕಿ."
ಪೈಪಿನ ನೀರು ನನ್ನ ಚಪ್ಪಲಿಯ ಮೇಲೇ ಹರಿಯುತ್ತಿತ್ತು,
ಅವಳು ನೋಡುತ್ತಲೇ ನಿಂತಿದ್ದಳು.
"ದೊಡ್ಡ ಈರಮ್ಮಗೂ ಒಂದ್ ಹಾಕಿ ಇಡ್ರಿ.
ಬರ್ತಾಳಾಕಿ."